ಇಪ್ಪತ್ತೆಂಟನೇ ಕಾಲಂ

ಸ್ಯಾನ್ ಆಂಟೋನಿಯೊ, ಟೆಕ್ಸಸ್

ಚಿ॥ ಪುಟ್ಟನಿಗೆ,

ನಿನ್ನ ಪತ್ರ, ಸೈನ್ಯದಿಂದ ಬಿಡುಗಡೆಯಾದಾಗ ಕೊಟ್ಟ ಡಿಡಿ-214ರ ನಕಲು, ಎಂಆರ್‌ಐ ವರದಿ, ಜೊತೆಗೆ ಬಿಡುಗಡೆಯ ದರ್ಜೆ ಬದಲಿಸಿ ಎಂದು ನೀಟಾಗಿ ತುಂಬಿ ಸಹಿ ಹಾಕಿಟ್ಟಿರುವ ಡಿಡಿ-293 ಅರ್ಜಿ, ಎಲ್ಲವೂ ತಲುಪಿದವು. ಅರ್ಜಿಯ ಇಂಗ್ಲಿಷು ತಿದ್ದಿಕೊಡಿ ಎಂದು ಕೇಳಿದ್ದೀಯ. ನ್ಯೂಜೆರ್ಸಿಯಲ್ಲಿ ಹೈಸ್ಕೂಲು ಮುಗಿಸಿದವನ ಇಂಗ್ಲಿಷನ್ನು ಹಾಸನದ ಸರ್ಕಾರಿ ಶಾಲೆಯಲ್ಲಿ ಓದಿದವನು ತಿದ್ದುವುದೇನು ಬಂತು! ಇಂಗ್ಲಿಷು ಚೆನ್ನಾಗಿಯೇ ಇದೆ. ಆದರೆ ಅದನ್ನು ಈಗಲೇ ಅಂಚೆಗೆ ಹಾಕಬೇಡ.

ಬೇಡ ಎಂದರೆ ಎಂದಿಗೂ ಬೇಡ ಎಂದಲ್ಲ. ನಿನಗೆ ದಕ್ಕಬೇಕಾದದ್ದು ಒಂದು, ನೀನು ಕೇಳುತ್ತಿರುವುದು ಇನ್ನೊಂದು. ಅದೂ ದಕ್ಕಬೇಕಾದದ್ದನ್ನು ಕೊಡುವ ಅಧಿಕಾರವೇ ಇಲ್ಲದವರ ಹತ್ತಿರ ಕೇಳುತ್ತಿದ್ದೀಯ. ಫೋರ್ಟ್ ಸ್ಯಾಮ್ ಹ್ಯೂಸ್ಟನ್‌ನ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತ ಕೆಲವು ವರ್ಷ ಸಮವಸ್ತ್ರ ಹಾಕಿದವನು ನಾನು. ನಿವೃತ್ತನಾದ ಮೇಲೆ ಮಾಜಿ ಸೈನಿಕರಿಗೆ ಫಾರ್ಮು ತುಂಬಿಕೊಡುವ ಕೆಲಸಕ್ಕೆ ಸ್ವಯಂಸೇವಕನಾಗಿ ಕೂತವನು. ನಿನ್ನಂಥ ಹುಡುಗರು ಮೇಜಿನ ಆ ಕಡೆ ಕೂತು ಇದೇ ಪ್ರಶ್ನೆ ಕೇಳುವುದನ್ನು ಬಹಳ ನೋಡಿದ್ದೇನೆ. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಬೇಸರಪಡಬೇಡ.

ಮೊದಲು ನಾಚಿಕೆಯ ವಿಷಯ ಮುಗಿಸೋಣ. ಕನ್ನಡ ಕೂಟದ ಯುಗಾದಿ ಊಟದಲ್ಲಿ ಯಾರೋ ಆಂಟಿ, "ಏನಪ್ಪಾ, ಇಷ್ಟು ಬೇಗ ರಜಾ ಸಿಕ್ಕಿಬಿಡ್ತಾ?" ಎಂದು ಕೇಳಿದರಂತೆ, ನೀನು ಎಲೆ ಬಿಟ್ಟು ಎದ್ದು ಹೋದೆಯಂತೆ. ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಆ ಆಂಟಿಗೆ ಉತ್ತರ ಕೊಡಲು ಅಮೆರಿಕದ ಸೈನ್ಯಕ್ಕೆ ಅರ್ಜಿ ಹಾಕಬೇಕಾಗಿಲ್ಲ. "ಸೊಂಟದ ಹತ್ತಿರ ಮೂಳೆ ಬಿರುಕು ಬಿಟ್ಟಿತು ಆಂಟಿ, ಕಳಿಸಿಕೊಟ್ಟರು" ಎಂದರೆ ಮುಗಿಯಿತು. ನಿನ್ನ ಡಿಡಿ-214 ಕಾಗದದ 24ನೇ ಕಾಲಂನಲ್ಲಿರುವ ‘ಅನ್‌ಕ್ಯಾರೆಕ್ಟರೈಜ್ಡ್’ ಎಂಬುದನ್ನು ಕಳಂಕ ಎಂದುಕೊಂಡು ಒಳಗೊಳಗೇ ಕೊರಗುತ್ತಿದ್ದೀಯ. ಸೈನ್ಯ ಬಿಡುವವರಿಗೆ ಇಲ್ಲಿ ಕೊಡುವ ದರ್ಜೆಗಳು ನಿನಗೂ ಗೊತ್ತು: ಹಾನರಬಲ್, ಅದರ ಕೆಳಗೆ ಜನರಲ್, ಅದಕ್ಕೂ ಕೆಳಗೆ ಅದರ್ ದ್ಯಾನ್ ಹಾನರಬಲ್, ಕೋರ್ಟ್ ಮಾರ್ಷಲ್ ಆದವರಿಗೆ ಬ್ಯಾಡ್ ಕಾಂಡಕ್ಟ್ ಮತ್ತು ಡಿಸ್‌ಹಾನರಬಲ್. ನಿನ್ನದು ಈ ಸಾಲಿಗೇ ಸೇರಿದ್ದಲ್ಲ. ಸೇರಿದ ಮೊದಲ ಕೆಲವು ತಿಂಗಳಲ್ಲಿ (ನಿಯಮದಲ್ಲಿ ಬಹುಕಾಲ 180 ದಿನ ಎಂದಿತ್ತು) ಹೊರಬಂದವನಿಗೆ ದರ್ಜೆ ಹಾಕುವಷ್ಟು ಸೇವೆಯೇ ಆಗಿಲ್ಲ ಎಂದು ಬಿಟ್ಟುಬಿಡುತ್ತಾರೆ. ಒಳ್ಳೆಯವನು ಎಂದೂ ಇಲ್ಲ, ಕೆಟ್ಟವನು ಎಂದೂ ಇಲ್ಲ. ಜ್ವರ ಬಂದು ಹೋದವನಿಗೂ, ಓಡಲಾರದೆ ಹೋದವನಿಗೂ, ಮನೆ ನೆನಪಾಗಿ ಅತ್ತು ಹೋದವನಿಗೂ ಅದೇ ಮುದ್ರೆ.

ಇದರಲ್ಲಿ ತಕರಾರಿಗೆ ಜಾಗವೇ ಇಲ್ಲ ಎನ್ನುತ್ತಿಲ್ಲ. ದರ್ಜೆ ಇಲ್ಲದ ಕಾಗದ ಕೈಗಿಟ್ಟು ಕಳಿಸುವುದು ಎಷ್ಟು ಅನ್ಯಾಯಕ್ಕೆ ದಾರಿ ಮಾಡೀತು ಎಂದು ಈ ದೇಶ ಒಮ್ಮೆ ಚೆನ್ನಾಗಿ ಕಂಡಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ‘ಬ್ಲೂ ಡಿಸ್ಚಾರ್ಜ್’ ಎಂಬುದೊಂದಿತ್ತು. ನೀಲಿ ಕಾಗದದಲ್ಲಿ ಅಚ್ಚಾಗುತ್ತಿದ್ದರಿಂದ ಆ ಹೆಸರು. ಗೌರವದ್ದೂ ಅಲ್ಲ, ಅಗೌರವದ್ದೂ ಅಲ್ಲ ಎಂದು ಸೈನ್ಯ ಹೇಳುತ್ತಿತ್ತು. 1941ರ ಕೊನೆಯಿಂದ 1945ರ ಮಧ್ಯದವರೆಗೆ ಸೈನ್ಯ ಇಂಥ 48,000ಕ್ಕೂ ಹೆಚ್ಚು ಕಾಗದ ಹಂಚಿತು. ಆಗ ಸೈನ್ಯದಲ್ಲಿ ಕಪ್ಪು ಜನರು ನೂರಕ್ಕೆ ಏಳರಷ್ಟೂ ಇರಲಿಲ್ಲ, ನೀಲಿ ಕಾಗದ ಪಡೆದವರಲ್ಲಿ ಅವರು ನೂರಕ್ಕೆ 22 ಇದ್ದರು. ಸಲಿಂಗಿಗಳೆಂದು ಅನುಮಾನ ಬಂದವರಿಗೂ ಅದೇ ಕಾಗದ. ಕೆಲಸ ಕೇಳಿಕೊಂಡು ಹೋದಲ್ಲೆಲ್ಲ ಕಾಗದದ ಬಣ್ಣ ನೋಡಿಯೇ ಬಾಗಿಲು ಹಾಕುತ್ತಿದ್ದರು. ಮಾಜಿ ಸೈನಿಕರ ಇಲಾಖೆಯೂ ಸೌಲಭ್ಯ ಕೊಡದೆ ತಿರುಗಿಸಿ ಕಳಿಸಿತು. ಪಿಟ್ಸ್‌ಬರ್ಗ್ ಕೊರಿಯರ್ ಎಂಬ ಕಪ್ಪು ಜನರ ಪತ್ರಿಕೆ ಇದರ ವಿರುದ್ಧ ಹಟ ಹಿಡಿದು ಬರೆಯಿತು. 1947ರಲ್ಲಿ ನೀಲಿ ಕಾಗದ ನಿಂತಿತು. ನೀನು ಈಗ ಅರ್ಜಿ ಹಾಕಲು ಹೊರಟಿರುವ ಡಿಸ್ಚಾರ್ಜ್ ರಿವ್ಯೂ ಬೋರ್ಡು ಹುಟ್ಟಿದ್ದು 1944ರ ಜಿಐ ಬಿಲ್ ಕಾಯಿದೆಯಿಂದ. ಸೈನ್ಯ ಬರೆದದ್ದೇ ಬ್ರಹ್ಮಲಿಪಿಯಲ್ಲ, ಸೈನಿಕ ಅದನ್ನು ಪ್ರಶ್ನಿಸಬಹುದು ಎಂಬ ಹಕ್ಕು ಅಲ್ಲಿಂದ ಬಂತು. ಎರಡು ವರ್ಷದ ಮೇಲೆ, 1946ರಲ್ಲಿ, ದಾಖಲೆ ತಿದ್ದುವ ಇನ್ನೊಂದು ಮಂಡಳಿಗೂ ಕಾನೂನಾಯಿತು. ಅದರ ವಿಷಯ ಮುಂದೆ ಬರುತ್ತದೆ, ನಿನಗೆ ಬೇಕಾದದ್ದು ಅದೇ.

ಈಗ ನಿನ್ನ ಕಾಗದ ನೋಡು. 24ನೇ ಕಾಲಂ ಬಿಟ್ಟು ಸ್ವಲ್ಪ ಕೆಳಕ್ಕೆ ಇಳಿ. 26ರಲ್ಲಿ ಜೆಎಫ್‌ಡಬ್ಲ್ಯು ಎಂಬ ಮೂರಕ್ಷರದ ಬಿಡುಗಡೆ ಕೋಡು. 27ರಲ್ಲಿ ಮತ್ತೆ ಸೇರಬಹುದೇ ಎಂಬುದರ ಕೋಡು, ಆರ್‌ಇ-3. 28ರಲ್ಲಿ ಕಾರಣ: ಸೇರಲು ಬೇಕಾದ ವೈದ್ಯಕೀಯ ಮಟ್ಟ ಮುಟ್ಟಲಿಲ್ಲ. ಆ 28ನೇ ಕಾಲಂ ಓದಿದವರಿಗೆ ಏನು ಅರ್ಥವಾಗುತ್ತದೆ? ಈ ಹುಡುಗ ಬರುವಾಗಲೇ ದೋಷ ಹೊತ್ತು ಬಂದಿದ್ದ, ನಮಗೆ ತಡವಾಗಿ ತಿಳಿಯಿತು, ವಾಪಸು ಕಳಿಸಿದೆವು, ಅಷ್ಟೇ. ನಿನ್ನ ಮೂಳೆ ಬಿರುಕು ಬಿಟ್ಟದ್ದು ಅವರ ಮೈದಾನದಲ್ಲಿ, ಅವರ ಬೂಟು ಹಾಕಿ, ಅವರ ಚೀಲ ಹೊತ್ತು ಓಡುವಾಗ. ಆ ಮಾತು ಇಡೀ ಕಾಗದದಲ್ಲಿ ಎಲ್ಲೂ ಇಲ್ಲ. ನಿನಗೆ ಆಗಿರುವ ಅನ್ಯಾಯ ಇರುವುದು ಇಲ್ಲಿ. ನೀನು ಮಾತ್ರ 24ನ್ನು ಹಿಡಿದು ಕೂತಿದ್ದೀಯ.

ವೈದ್ಯ ಮಂಡಳಿಯ ಹಾಳೆ, ಡಿಎ-4707 ಎಂಬ ಫಾರ್ಮು, ಅದನ್ನೂ ಓದಿದೆ. ಸೊಂಟದ ಕೀಲಿನಲ್ಲಿ ಮೂಳೆಯ ಉಬ್ಬು ಇದೆ, ಅದು ಸೇವೆಗೆ ಮೊದಲೇ ಇದ್ದದ್ದು ಎಂದು ಬರೆದಿದ್ದಾರೆ. ಸರಿ, ಇರಬಹುದು. ಬೆಳೆಯುವ ವಯಸ್ಸಿನಲ್ಲಿ ಆಟ ಆಡಿದ ಬಹಳ ಹುಡುಗರ ಕೀಲಿನಲ್ಲಿ ಅಂಥ ಉಬ್ಬು ಇರುತ್ತದೆ. ಅನೇಕರಿಗೆ ಜೀವಮಾನವಿಡೀ ಅದು ಇದೆ ಎಂದೇ ಗೊತ್ತಾಗುವುದಿಲ್ಲ. ಆದರೆ ನೀನು ಕಳಿಸಿರುವ ಎಂಆರ್‌ಐ ವರದಿಯ ಎರಡನೇ ಸಾಲನ್ನು ನೀನೇ ಗಮನಿಸಿದ ಹಾಗಿಲ್ಲ. ತೊಡೆಮೂಳೆಯ ಕುತ್ತಿಗೆಯಲ್ಲಿ ಒತ್ತಡದ ಬಿರುಕು ಎಂದು ಅಲ್ಲಿ ಸ್ಪಷ್ಟವಾಗಿದೆ. ಮಂಡಳಿಯ ಹಾಳೆಯಲ್ಲಿ ಉಬ್ಬು ಮಾತ್ರ ಇದೆ, ಬಿರುಕಿನ ಮಾತು ಬಿಟ್ಟುಹೋಗಿದೆ. ಬೇಕೆಂದೇ ಬಿಟ್ಟರು ಎಂದು ನಾನು ಹೇಳಲಾರೆ. ದಿನಕ್ಕೆ ಎಷ್ಟೋ ಹುಡುಗರ ಕಾಗದ ಮುಗಿಸುವ ಕಡೆ ಹೀಗಾಗುತ್ತದೆ. ಒತ್ತಡದ ಬಿರುಕು ಹುಟ್ಟಿನಿಂದ ಬರುವುದಲ್ಲ. ಅಭ್ಯಾಸವಿಲ್ಲದ ದೇಹಕ್ಕೆ ದಿಢೀರನೆ ದಿನವೂ ಓಟ, ನಡಿಗೆ, ಭಾರ ಬಿದ್ದಾಗ ಮೂಳೆ ಸವೆಯುವ ವೇಗಕ್ಕೆ ತುಂಬಿಕೊಳ್ಳುವ ವೇಗ ಸಾಲದೆ ಹೋಗುತ್ತದೆ. ತರಬೇತಿಯ ಮೊದಲ ವಾರಗಳಲ್ಲೇ ಇದು ಹೆಚ್ಚು ಕಾಣಿಸಿಕೊಳ್ಳುವುದು ಅದಕ್ಕೇ. ಜಗತ್ತಿನ ಯಾವ ಸೈನ್ಯದ ಡಾಕ್ಟರನ್ನು ಕೇಳಿದರೂ ಹೇಳುತ್ತಾರೆ.

"ಆದರೆ ಮಾವ, ಒಪ್ಪಿಗೆ ಎಂದು ನಾನೇ ಸಹಿ ಹಾಕಿದೆನಲ್ಲ" ಎಂದು ನೀನು ಬರೆದಿದ್ದೀಯ. ಹಾಕಿದೆ. ಊರುಗೋಲು ಹಿಡಿದು ವಾರಗಟ್ಟಲೆ ಕೂತವನ ಮುಂದೆ ಹಾಳೆ ಇಟ್ಟು, ಒಪ್ಪಿದರೆ ಬೇಗ ಮನೆ, ಒಪ್ಪದಿದ್ದರೆ ಇಲ್ಲೇ ಇನ್ನಷ್ಟು ದಿನ ಎಂದರೆ ಹತ್ತೊಂಬತ್ತು ವರ್ಷದವನು ಏನು ಮಾಡುತ್ತಾನೆ? ಆ ಸಹಿ ನಿನ್ನ ದಾರಿಗೆ ಅಡ್ಡಿ, ಸುಳ್ಳು ಹೇಳುವುದಿಲ್ಲ. ದಾಖಲೆ ತಿದ್ದುವ ಮಂಡಳಿಯವರು ಅದನ್ನು ಮೊದಲು ಎತ್ತಿ ತೋರಿಸುತ್ತಾರೆ. ಆದರೆ ಮೂಳೆ ಬಿರುಕು ಬಿಟ್ಟಿತೋ ಇಲ್ಲವೋ ಎಂಬುದು ನಿನ್ನ ಸಹಿಯಿಂದ ತೀರ್ಮಾನವಾಗುವ ವಿಷಯವಲ್ಲ. ನೀನು ಡಾಕ್ಟರಲ್ಲ.

ಇಲ್ಲಿ ಕಾನೂನು ನಿನ್ನ ಕಡೆ ಇದೆ, ಅದನ್ನು ತಿಳಿದುಕೋ. ಸೇರುವಾಗ ಮೆಪ್ಸ್ ಎಂಬ ನೇಮಕಾತಿ ಪರೀಕ್ಷಾ ಕೇಂದ್ರದಲ್ಲಿ ನಿನ್ನನ್ನು ಬಟ್ಟೆ ಬಿಚ್ಚಿಸಿ ಕುಕ್ಕರಗಾಲಲ್ಲಿ ನಡೆಸಿ ಪರೀಕ್ಷೆ ಮಾಡಿ ಡಿಡಿ-2808 ಎಂಬ ಹಾಳೆ ತುಂಬಿದರಲ್ಲ, ಅದರಲ್ಲಿ ಸೊಂಟದ ದೋಷ ಎಂದು ಬರೆದಿಲ್ಲದಿದ್ದರೆ ನೀನು ಆರೋಗ್ಯವಂತನಾಗಿಯೇ ಸೇರಿದೆ ಎಂದು ಕಾನೂನು ಎಣಿಸಬೇಕು. ಅಲ್ಲ ಎನ್ನುವುದಾದರೆ ರುಜುವಾತು ಮಾಡುವ ಹೊಣೆ ಸರ್ಕಾರದ್ದು, ಅದೂ ಯಾರೂ ಅನುಮಾನಿಸಲಾಗದಂಥ ರುಜುವಾತು. ದೋಷ ಮೊದಲೇ ಇತ್ತು ಎಂದಷ್ಟೇ ತೋರಿಸಿದರೆ ಸಾಲದು, ಸೇವೆಯಿಂದ ಅದು ಹೆಚ್ಚಾಗಲಿಲ್ಲ ಎಂದೂ ಅಷ್ಟೇ ಗಟ್ಟಿಯಾಗಿ ತೋರಿಸಬೇಕು. 2004ರಲ್ಲಿ ವ್ಯಾಗ್ನರ್ ಎಂಬ ಮಾಜಿ ಸೈನಿಕನ ಮೊಕದ್ದಮೆಯಲ್ಲಿ ಫೆಡರಲ್ ಸರ್ಕ್ಯೂಟ್ ಕೋರ್ಟು ಇದನ್ನು ಬಿಡಿಸಿ ಹೇಳಿತು. ಇನ್ನು, ಉಬ್ಬು ಹುಟ್ಟಿನಿಂದಲೇ ಬಂದದ್ದು ಎಂದಾದರೂ ಅದರ ಮೇಲೆ ಸೇವೆಯಲ್ಲಿ ಆದ ಗಾಯ ಬೇರೆ, ಅದಕ್ಕೆ ಬೇರೆ ಲೆಕ್ಕ.

ಈ ಮಾತು ಅಮೆರಿಕದ್ದು ಮಾತ್ರ ಅಲ್ಲ. ಕಾಯಿಲೆಯೆಂದು ಸೈನ್ಯದಿಂದ ಹೊರಬಿದ್ದವರನ್ನು ನಮ್ಮ ಊರ ಕಡೆ ‘ಬೋರ್ಡ್ ಔಟ್’ ಆದವರು ಎನ್ನುತ್ತಾರೆ, ನಿಮ್ಮಜ್ಜಿಗೆ ಕೇಳು, ಅವಳಿಗೂ ಆ ಶಬ್ದ ಗೊತ್ತು. ಅಲ್ಲೂ ಬಹಳ ವರ್ಷ ಇದೇ ಜಗಳ: ಕಾಯಿಲೆ ಮೊದಲೇ ಇತ್ತು, ಸೇವೆಗೂ ಅದಕ್ಕೂ ಸಂಬಂಧವಿಲ್ಲ, ಪಿಂಚಣಿ ಇಲ್ಲ. 2013ರಲ್ಲಿ ಧರಮ್‌ವೀರ್ ಸಿಂಗ್ ಎಂಬ ಸಿಪಾಯಿಯ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟು, ಸೇರುವಾಗ ಬರೆದುಕೊಳ್ಳದ ಕಾಯಿಲೆಯನ್ನು ಕಳಿಸುವಾಗ ಹಳೆಯದು ಎಂದು ಸುಮ್ಮನೆ ಹೇಳಿಬಿಡುವಂತಿಲ್ಲ, ಕಾರಣ ಬರೆಯಬೇಕು ಎಂದಿತು. ತರಬೇತಿಯಲ್ಲೇ ಗಾಯಗೊಂಡು ಎನ್‌ಡಿಎ, ಐಎಂಎ ಸೈನಿಕ ಅಕಾಡೆಮಿಗಳಿಂದ ಹೊರಬಿದ್ದ ಕೆಡೆಟ್‌ಗಳ ಪಾಡಂತೂ ಇನ್ನೂ ಕಷ್ಟ. ಅವರನ್ನು ಮಾಜಿ ಸೈನಿಕರೆಂದೇ ಎಣಿಸುತ್ತಿರಲಿಲ್ಲ. 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ತಾನಾಗಿಯೇ ಆ ವಿಷಯ ಕೈಗೆತ್ತಿಕೊಂಡಿತು. ಸೈನ್ಯ ಯಾವ ದೇಶದ್ದಾದರೂ ಮೊದಲ ತಿಂಗಳುಗಳಲ್ಲಿ ಮುರಿದುಹೋದವನನ್ನು ಯಾರ ಲೆಕ್ಕಕ್ಕೆ ಹಾಕಬೇಕು ಎಂಬುದರಲ್ಲಿ ತಡವರಿಸುತ್ತದೆ.

ಆದ್ದರಿಂದ ನೀನು ಮೊದಲು ಹೋಗಬೇಕಾದದ್ದು ಸೈನ್ಯದ ಹತ್ತಿರ ಅಲ್ಲ, ವಿಎ ಹತ್ತಿರ, ಅಂದರೆ ಮಾಜಿ ಸೈನಿಕರ ಇಲಾಖೆಗೆ. "ದರ್ಜೆ ಇಲ್ಲದವನನ್ನು ಅವರು ಒಳಗೆ ಬಿಡುತ್ತಾರಾ?" ಎಂದು ಕೇಳುತ್ತೀಯ. ಬಿಡುತ್ತಾರೆ. ನಿನ್ನ ಹಾಗೆ ಸೇರಿದ ಹೊಸದರಲ್ಲೇ ಹೊರಬಂದವರನ್ನು, ಅಂದರೆ ಎಂಟ್ರಿ ಲೆವೆಲ್ ಸೆಪರೇಶನ್ ಆದವರನ್ನು, ಅಗೌರವದ ಬಿಡುಗಡೆ ಆದವರೆಂದು ಎಣಿಸಬಾರದು ಎಂದು ಅವರ ನಿಯಮದಲ್ಲೇ ಬರೆದಿದೆ. 24 ತಿಂಗಳು ಸೇವೆ ಮಾಡಿರಬೇಕು ಎಂಬ ಷರತ್ತೊಂದಿದೆ ನಿಜ, ಸೇವೆಯಲ್ಲಾದ ಗಾಯಕ್ಕೆ ಪರಿಹಾರ ಕೇಳುವವರಿಗೆ ಅದು ಅನ್ವಯಿಸುವುದಿಲ್ಲ. ಮೂಳೆಗೆ ಸಂಬಂಧಪಟ್ಟ ಚಿಕಿತ್ಸೆ, ತಿಂಗಳ ಪರಿಹಾರ, ಇವಕ್ಕೆ ನೀನು 24ನೇ ಕಾಲಂ ತಿದ್ದಿಸಿಕೊಂಡು ಬರಬೇಕಾಗಿಲ್ಲ. ಕಾಲೇಜಿಗೆ ಹಣ ಕೊಡುವ ಜಿಐ ಬಿಲ್ ಮಾತ್ರ ಬೇರೆ. ಅಲ್ಲಿ ಹಾನರಬಲ್ ಎಂಬುದಕ್ಕೆ ನಿಜವಾದ ತೂಕವಿದೆ. ಆ ಒಂದು ವಿಷಯದಲ್ಲಿ ನಿನ್ನ ಆಸೆಗೆ ಅರ್ಥವಿದೆ, ಒಪ್ಪುತ್ತೇನೆ.

ವಿಎ ಅರ್ಜಿಗೆ ಮಾತ್ರ ಅವಸರ ಮಾಡು ಎನ್ನುವುದಕ್ಕೆ ಕಾರಣವಿದೆ. ಹೊರಬಂದ ದಿನದಿಂದ ಒಂದು ವರ್ಷದ ಒಳಗೆ ಅರ್ಜಿ ಹಾಕಿದರೆ ಪರಿಹಾರವನ್ನು ಬಿಡುಗಡೆಯ ಮರುದಿನದಿಂದಲೇ ಲೆಕ್ಕ ಹಾಕುತ್ತಾರೆ. ವರ್ಷ ದಾಟಿದರೆ ಅರ್ಜಿ ಹಾಕಿದ ದಿನದಿಂದ ಮಾತ್ರ. ಪೂರ್ತಿ ಅರ್ಜಿ 21-526ಇಝಡ್ ಎಂಬುದು. ಅದಕ್ಕೆ ಕಾಗದ ಕೂಡಿಸಲು ಸಮಯ ಬೇಕಾದರೆ ಮೊದಲು ‘ಇಂಟೆಂಟ್ ಟು ಫೈಲ್’ ಎಂಬ ಸಣ್ಣ ಚೀಟಿ ಹಾಕು. ಅದರಿಂದ ದಿನಾಂಕ ಭದ್ರವಾಗುತ್ತದೆ, ಅರ್ಜಿ ಪೂರ್ತಿ ಮಾಡಲು ಒಂದು ವರ್ಷ ಸಿಗುತ್ತದೆ. ಆಮೇಲೆ ಅವರ ಡಾಕ್ಟರು ಪರೀಕ್ಷೆಗೆ ಕರೆಯುತ್ತಾರೆ. ಅಲ್ಲಿ ನಮ್ಮ ಮನೆಯ ಅಭ್ಯಾಸ ತೋರಿಸಬೇಡ. "ಹೇಗಿದ್ದೀರಿ?" ಎಂದರೆ "ಚೆನ್ನಾಗಿದ್ದೇನೆ" ಎನ್ನುವುದು ನಮ್ಮ ಮರ್ಯಾದೆ, ಅವರಿಗೆ ಅದು ವೈದ್ಯಕೀಯ ಹೇಳಿಕೆ, ಬರೆದುಕೊಂಡುಬಿಡುತ್ತಾರೆ. ಮೆಟ್ಟಿಲು ಹತ್ತುವಾಗ ನೋವೇ? ಹೇಳು. ರಾತ್ರಿ ಆ ಮಗ್ಗುಲಿಗೆ ಮಲಗಲು ಆಗುವುದಿಲ್ಲವೇ? ಹೇಳು. ಇಲ್ಲದ್ದನ್ನು ಸೇರಿಸಬೇಡ, ಇರುವುದನ್ನು ನುಂಗಬೇಡ. ಎಡಿಸನ್‌ನಲ್ಲಿ ನಿನ್ನನ್ನು ನೋಡುತ್ತಿರುವ ಮೂಳೆ ಡಾಕ್ಟರಿಂದ ಒಂದು ಪತ್ರ ತೆಗೆದುಕೋ. ಬಿರುಕು ತರಬೇತಿಯಿಂದ ಆಗಿರುವ ಸಾಧ್ಯತೆ ಆಗದಿರುವ ಸಾಧ್ಯತೆಗಿಂತ ಕಡಿಮೆಯಿಲ್ಲ ಎಂಬಷ್ಟು ಅವರು ಬರೆದರೆ ಸಾಕು. ವಿಎ ಕೇಳುವುದು ಅಷ್ಟೇ ಖಾತ್ರಿಯನ್ನು, ನೂರಕ್ಕೆ ನೂರು ಅಲ್ಲ.

ವಿಎ ಒಪ್ಪಿತು ಎಂದಿಟ್ಟುಕೋ. ಆಗ ನಿನ್ನ ಕೈಯಲ್ಲಿ ಸರ್ಕಾರದ್ದೇ ಒಂದು ಇಲಾಖೆ ಬರೆದುಕೊಟ್ಟ ಕಾಗದ ಇರುತ್ತದೆ: ಈ ಗಾಯ ಸೇವೆಯಲ್ಲಿ ಆದದ್ದು. ಆಗ ಸೈನ್ಯದ ಬಾಗಿಲಿಗೆ ಹೋಗು. ಯಾವ ಬಾಗಿಲು? ಇಲ್ಲೇ ನೀನು ಎಡವಿದ್ದು. ಡಿಡಿ-293 ಹೋಗುವುದು ಡಿಸ್ಚಾರ್ಜ್ ರಿವ್ಯೂ ಬೋರ್ಡಿಗೆ. ದರ್ಜೆ ಸರಿಯೇ, ನಿಯಮ ಪಾಲಿಸಿದರೇ ಎಂದು ನೋಡುವುದು ಅವರ ಕೆಲಸ. 15 ವರ್ಷದ ತನಕ ಅಲ್ಲಿಗೆ ಹೋಗಬಹುದು, ಆ ಬಾಗಿಲು ಎಲ್ಲೂ ಓಡಿಹೋಗುವುದಿಲ್ಲ. ಆದರೆ ವೈದ್ಯಕೀಯ ದೋಷ ಎಂಬುದನ್ನು ಸೇವೆಯಲ್ಲಾದ ಅಂಗವೈಕಲ್ಯ ಎಂದು ಬದಲಿಸುವ ಅಧಿಕಾರ ಅವರಿಗಿಲ್ಲ. ಅದನ್ನು ಅವರಲ್ಲಿ ಕೇಳುವುದು ರೇಷನ್ ಕಾರ್ಡಿಗಾಗಿ ಪೋಸ್ಟಾಫೀಸಿನ ಕಿಟಕಿ ಮುಂದೆ ನಿಂತ ಹಾಗೆ. ಇನ್ನು ಬರೀ ಹಾನರಬಲ್ ಮಾಡಿ ಎಂದರೆ ಸಾಮಾನ್ಯವಾಗಿ ಬರುವ ಉತ್ತರ ಹೀಗಿರುತ್ತದೆ: ‘ಅನ್‌ಕ್ಯಾರೆಕ್ಟರೈಜ್ಡ್’ ಎಂಬುದು ನಿಂದೆಯಲ್ಲ, ಅಳೆಯುವಷ್ಟು ಸೇವೆ ಆಗಿಲ್ಲ, ಆದ್ದರಿಂದ ಬದಲಿಸಲು ಕಾರಣವಿಲ್ಲ. ನಡತೆಯಲ್ಲಿ, ಕೆಲಸದಲ್ಲಿ ಏನಾದರೂ ಅಸಾಧಾರಣವಾದದ್ದು ಇದ್ದರೆ ಮಾತ್ರ ಹೊಸಬರಿಗೆ ಆ ದರ್ಜೆ ಕೊಡಬಹುದು ಎಂದು ನಿಯಮ. ನೀನು ಒಳ್ಳೆಯ ಹುಡುಗ, ಸಂಶಯವಿಲ್ಲ. ಒಳ್ಳೆಯತನ ಅಸಾಧಾರಣ ಎಂದು ಬೋರ್ಡಿನವರು ಒಪ್ಪುವುದು ಕಷ್ಟ.

ನಿನ್ನ ಬಾಗಿಲು ದಾಖಲೆ ತಿದ್ದುಪಡಿ ಮಂಡಳಿ. ಬೋರ್ಡ್ ಫಾರ್ ಕರೆಕ್ಷನ್ ಆಫ್ ಮಿಲಿಟರಿ ರೆಕಾರ್ಡ್ಸ್ ಎಂದು ಹೆಸರು, ಅರ್ಜಿ ಡಿಡಿ-149. ಸದಸ್ಯರೆಲ್ಲ ನಾಗರಿಕರು, ಸಮವಸ್ತ್ರದವರಲ್ಲ. ದಾಖಲೆಯಲ್ಲಿ ತಪ್ಪು ಅಥವಾ ಅನ್ಯಾಯ ಕಂಡರೆ ಹೆಚ್ಚು ಕಡಿಮೆ ಯಾವುದನ್ನಾದರೂ ತಿದ್ದಿಸಬಲ್ಲರು: 28ನೇ ಕಾಲಂನ ಕಾರಣ, 27ರ ಕೋಡು, ಅಂಗವೈಕಲ್ಯದ ಬಿಡುಗಡೆ, ಎಲ್ಲ. ತಪ್ಪು ಗೊತ್ತಾದ ಮೂರು ವರ್ಷದ ಒಳಗೆ ಕೇಳಬೇಕು. ತಡವಾದರೂ ನ್ಯಾಯಕ್ಕಾಗಿ ಮನ್ನಿಸಬಹುದು ಎಂದಿದೆ, ಅದನ್ನು ನಂಬಿ ಕೂರಬೇಡ. ಎದುರು ಹಾಜರಾಗಿ ಹೇಳಿಕೊಳ್ಳುವ ಅವಕಾಶ ಅಲ್ಲಿ ಅಪರೂಪ, ಕಾಗದವೇ ಮಾತಾಡಬೇಕು. ಗೆಲ್ಲುತ್ತೀಯ ಎಂದು ನಾನು ಭರವಸೆ ಕೊಡುವುದಿಲ್ಲ. ಗೆದ್ದರೂ ಶೇಕಡಾ 30ಕ್ಕಿಂತ ಕಡಿಮೆ ಎಂದು ಅಳೆದರೆ ಒಂದು ಇಡಿಗಂಟು ಕೊಟ್ಟು ಕೈತೊಳೆದುಕೊಳ್ಳುತ್ತಾರೆ, 30 ಅಥವಾ ಅದಕ್ಕಿಂತ ಹೆಚ್ಚಾದರೆ ಮಾತ್ರ ನಿವೃತ್ತಿಯ ಲೆಕ್ಕ. ಆದರೂ ಕೇಳಬೇಕಾದದ್ದು ಅಲ್ಲಿಯೇ.

‘ಲಿಬರಲ್ ಕನ್ಸಿಡರೇಶನ್’ ಎಂದು ನಿನ್ನ ಅರ್ಜಿಯಲ್ಲಿ ಎರಡು ಕಡೆ ಬರೆದಿದ್ದೀಯ. ಅದನ್ನು ತೆಗೆದುಹಾಕು. 2014ರಲ್ಲಿ ರಕ್ಷಣಾ ಕಾರ್ಯದರ್ಶಿಯಾಗಿದ್ದ ಚಕ್ ಹೇಗಲ್ ಹೊರಡಿಸಿದ ಸೂಚನೆಯಿಂದ ಅದು ಶುರುವಾಯಿತು. 2017ರಲ್ಲಿ ಇನ್ನೊಂದು ಸೂಚನೆ ಅದನ್ನು ವಿಸ್ತರಿಸಿತು. ಅದು ಯುದ್ಧದ ಮಾನಸಿಕ ಆಘಾತ, ತಲೆಗೆ ಬಿದ್ದ ಪೆಟ್ಟು, ಇತರ ಮಾನಸಿಕ ಕಾಯಿಲೆಗಳು, ಲೈಂಗಿಕ ಹಲ್ಲೆ, ಇಂಥವುಗಳಿಂದ ನಡತೆ ಕೆಟ್ಟು ಹೊರಬಿದ್ದವರಿಗಾಗಿ ಬಂದದ್ದು. ಇರಾಕಿನಿಂದ ಬಂದು ನಿದ್ದೆಯಿಲ್ಲದೆ ಕುಡಿತಕ್ಕೆ ಬಿದ್ದು ಕೆಟ್ಟ ಕಾಗದ ಹೊತ್ತು ತಿರುಗಿದವರಿಗೆ ಅದು ಬಹಳ ವರ್ಷ ಹೋರಾಡಿ ಸಿಕ್ಕ ಆಸರೆ. ನಿನ್ನದು ಮೂಳೆ. ಬೇರೆಯವರ ಕಷ್ಟಕ್ಕೆ ಮಾಡಿದ ನಿಯಮವನ್ನು ಹೊದ್ದುಕೊಂಡು ಹೋದರೆ ನಿನ್ನ ನಿಜವಾದ ವಾದವೂ ಹಗುರವಾಗುತ್ತದೆ.

ಇನ್ನೊಂದು ಗಂಟು ಇದೆ, ಇದನ್ನು ಬಿಡಿಸುವುದು ನನ್ನ ಕೈಯಲ್ಲಿಲ್ಲ. ಪತ್ರದ ಕೊನೆಯಲ್ಲಿ "ಗುಣವಾದ ಮೇಲೆ ಮತ್ತೆ ಸೇರುತ್ತೇನೆ" ಎಂದು ಬರೆದಿದ್ದೀಯ. ಆರ್‌ಇ-3 ಇದ್ದವನು ವಿನಾಯಿತಿ ಕೇಳಿ ಮತ್ತೆ ಸೇರಲು ಪ್ರಯತ್ನಿಸಬಹುದು, ದಾರಿ ಮುಚ್ಚಿಲ್ಲ. ಆದರೆ ವಿಎ ಮುಂದೆ ಸೊಂಟ ಕೆಟ್ಟಿದೆ ಎಂದು ಹೇಳಿ, ನೇಮಕಾತಿ ಅಧಿಕಾರಿಯ ಮುಂದೆ ಸೊಂಟ ಸರಿಯಾಗಿದೆ ಎಂದು ಹೇಳಲಾಗುವುದಿಲ್ಲ. ಎರಡೂ ಒಂದೇ ಸರ್ಕಾರ. ಯಾವುದು ಬೇಕು ಎಂದು ನೀನು ಆರಿಸಿಕೊಳ್ಳಬೇಕು. ನನ್ನ ಮನಸ್ಸು ಹೇಳಬೇಕೆಂದರೆ, ತೊಡೆಮೂಳೆಯ ಕುತ್ತಿಗೆ ಆಟಕ್ಕೆ ತೆಗೆದುಕೊಳ್ಳುವ ಜಾಗವಲ್ಲ. ಕೆಲವರಿಗೆ ಅಲ್ಲಿನ ಬಿರುಕು ಪೂರ್ತಿ ಮುರಿದು ಸ್ಕ್ರೂ ಹಾಕಿಸಿಕೊಂಡದ್ದನ್ನು ಲ್ಯಾಬಿನ ಪಕ್ಕದ ವಾರ್ಡಿನಲ್ಲಿ ನೋಡಿದ್ದೇನೆ. ಆದರೂ ಇದು ನಿನ್ನ ಜೀವನ, ನಿನ್ನ ಸೊಂಟ. ನಿಮ್ಮಪ್ಪ ಬೇಡ ಅನ್ನುತ್ತಾನೆ ಎಂದು ಬಿಡಬೇಡ, ಯಾರೋ ನಕ್ಕರು ಎಂದು ಮತ್ತೆ ಹೋಗಲೂ ಬೇಡ.

ನಿನಗೆ ಇನ್ನೂ ಗ್ರೀನ್ ಕಾರ್ಡೇ ಇರುವುದರಿಂದ ಒಂದು ಎಚ್ಚರಿಕೆ. ಸೈನ್ಯದ ಸೇವೆಯ ಆಧಾರದ ಮೇಲೆ ಪೌರತ್ವ ಬೇಗ ಸಿಗುತ್ತದೆ ಎಂದು ಕೇಳಿ ನೀನು ಸೇರಿದ್ದು ನನಗೆ ಗೊತ್ತು. ಆ ದಾರಿಯಲ್ಲಿ ಸೇವೆ ಗೌರವದ್ದು ಎಂದು ರುಜುವಾಗಬೇಕು. ದರ್ಜೆ ಇಲ್ಲದ ಕಾಗದ ಇಟ್ಟುಕೊಂಡು ಅರ್ಜಿ ಹಾಕಿ ತಿರಸ್ಕಾರ ಕಂಡು ಕೋರ್ಟು ಹತ್ತಿದವರಿದ್ದಾರೆ. ವಲಸೆ ವಕೀಲರನ್ನು ಕೇಳದೆ ಆ ಅರ್ಜಿಗೆ ಕೈ ಹಾಕಬೇಡ. ಎಲ್ಲರ ಹಾಗೆ ಐದು ವರ್ಷ ಕಾದು ಹಾಕುವ ಮಾಮೂಲಿ ಅರ್ಜಿ ಹೇಗೂ ಇದ್ದೇ ಇದೆ. ಹಾನರಬಲ್ ಎಂದಿದ್ದರೆ ಎಲ್ಲ ಸಲೀಸು ಎಂದುಕೊಂಡಿದ್ದೀಯಲ್ಲ, ಭಗತ್ ಸಿಂಗ್ ಥಿಂಡ್ ಕತೆ ಓದಿದ್ದೀಯಾ? ಪಂಜಾಬಿನಿಂದ ಬಂದವನು, 1918ರಲ್ಲಿ ಅಮೆರಿಕದ ಸೈನ್ಯ ಸೇರಿದ. ಯುದ್ಧ ಮುಗಿಯಿತು, ಸೇರಿದ ಕೆಲವೇ ತಿಂಗಳಲ್ಲಿ ಹೊರಬಂದ. ಕಾಗದ ಹಾನರಬಲ್, ನಡತೆ ‘ಎಕ್ಸಲೆಂಟ್’ ಎಂದು ಬರೆದಿದ್ದರು. ಪೇಟ ಸುತ್ತಿಕೊಂಡೇ ಸೇವೆ ಮಾಡಿದವನು. 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ನೀನು ಬಿಳಿಯನಲ್ಲ, ಪೌರನಾಗಲು ಯೋಗ್ಯನಲ್ಲ ಎಂದಿತು. ಮೊದಲ ಮಹಾಯುದ್ಧದಲ್ಲಿ ಸೇವೆ ಮಾಡಿದವರಿಗೆ ಬಣ್ಣ ನೋಡದೆ ಪೌರತ್ವ ಕೊಡುವ ಕಾಯಿದೆ 1935ರಲ್ಲಿ ಬಂದ ಮೇಲೆ, 1936ರಲ್ಲಿ ಅವನಿಗೆ ಅದು ದಕ್ಕಿತು. ಅಷ್ಟು ವರ್ಷ ಆ ‘ಎಕ್ಸಲೆಂಟ್’ ಕಾಗದ ಅವನ ಹತ್ತಿರವೇ ಇತ್ತು. ಕೊನೆಗೆ ಕೆಲಸಕ್ಕೆ ಬಂದದ್ದು ಅದರ ಹೊಗಳಿಕೆಯಲ್ಲ, ಅವನು ಸೇವೆ ಮಾಡಿದ ಎಂಬ ದಾಖಲೆ.

ನಿನ್ನ ಹೇಳಿಕೆಯ ವಿಷಯ. ಮೂರು ಪುಟ ಬರೆದಿದ್ದೀಯ, ಅದರಲ್ಲಿ ಎರಡು ಪುಟ ಕ್ಷಮೆ. "ನನ್ನ ಪ್ಲಟೂನಿಗೆ ನಿರಾಸೆ ಮಾಡಿದೆ", "ನಮ್ಮ ಮನೆತನ ತಲೆ ತಗ್ಗಿಸುವಂತೆ ಮಾಡಿದೆ". ಯಾರು ಹೇಳಿದರು? ಮಂಡಳಿಯವರಿಗೆ ಮನೆತನ ಬೇಡ, ದಿನಾಂಕ ಬೇಕು. ಯಾವ ದಿನ ನೋವು ಶುರುವಾಯಿತು, ಯಾವ ದಿನ ಸಿಕ್ ಕಾಲ್‌ಗೆ ಹೋದೆ, ಐಬುಪ್ರೊಫೇನ್ ಕೊಟ್ಟು ಮತ್ತೆ ಓಡಿಸಿದ್ದು ಎಷ್ಟು ದಿನ, ಎಂಆರ್‌ಐ ಯಾವಾಗ, ಹಾಳೆಗೆ ಸಹಿ ಹಾಕುವಾಗ ಯಾರು ಏನು ಹೇಳಿದರು. ಪಕ್ಕದ ಮಂಚದಲ್ಲಿದ್ದ ಹುಡುಗರು ಇನ್ನೂ ಸಂಪರ್ಕದಲ್ಲಿದ್ದರೆ ಅವರಿಂದ ಒಂದೊಂದು ಪುಟ ಬರೆಸಿಕೋ. ನೀನು ಕುಂಟುತ್ತಿದ್ದದ್ದನ್ನು ಅವರು ಕಂಡಿದ್ದಾರೆ. ಹೈಸ್ಕೂಲಿನಲ್ಲಿ ಓಟದ ತಂಡದಲ್ಲಿದ್ದೆಯಲ್ಲ, ಆ ಕೋಚಿನಿಂದ ಒಂದು ಪತ್ರ: ನಾಲ್ಕು ವರ್ಷ ಓಡಿದ, ಸೊಂಟದ ದೂರು ಒಂದು ದಿನವೂ ಇರಲಿಲ್ಲ. ಅದಕ್ಕಿಂತ ಒಳ್ಳೆಯ ಸಾಕ್ಷಿ ನಿನಗೆ ಸಿಗಲಾರದು. ಪೂರ್ತಿ ವೈದ್ಯಕೀಯ ಕಡತವನ್ನು ಈಗಲೇ ತರಿಸಿಕೋ, ಅದಕ್ಕೆ ಎಸ್‌ಎಫ್-180 ಎಂಬ ಫಾರ್ಮು ಇದೆ. ಕಾಗದ ಸರ್ಕಾರದ ಹತ್ತಿರ ಭದ್ರವಾಗಿರುತ್ತದೆ ಎಂದು ಸುಮ್ಮನಿರಬೇಡ. 1973ರ ಜುಲೈನಲ್ಲಿ ಸೇಂಟ್ ಲೂಯಿಸ್‌ನ ದಾಖಲೆ ಕಟ್ಟಡಕ್ಕೆ ಬೆಂಕಿ ಬಿದ್ದು ಒಂದೂವರೆ ಕೋಟಿಗೂ ಹೆಚ್ಚು ಸೈನಿಕರ ಕಡತ ಸುಟ್ಟುಹೋದವು. ತಾನು ಯುದ್ಧಕ್ಕೆ ಹೋಗಿದ್ದೆ ಎಂದು ರುಜುವಾತು ಮಾಡಲು ಮುದುಕರು ಪಟ್ಟ ಪಾಡು ಕಣ್ಣಾರೆ ಕಂಡಿದ್ದೇನೆ.

ಯಾರಿಗೂ ದುಡ್ಡು ಕೊಡಬೇಡ. "ನಿಮ್ಮ ಕ್ಲೇಮು ನಾವು ಹಾಕಿಕೊಡುತ್ತೇವೆ, ಬಂದದ್ದರಲ್ಲಿ ನಮಗಿಷ್ಟು" ಎಂದು ಫೋನ್ ಮಾಡುವವರಿದ್ದಾರೆ. ಮೊದಲ ಅರ್ಜಿಗೆ ಹಣ ಕೇಳುವಂತಿಲ್ಲ ಎಂದು ಕಾನೂನೇ ಇದೆ. ನಿಮ್ಮ ಕೌಂಟಿಯಲ್ಲಿ ಮಾಜಿ ಸೈನಿಕರ ಸೇವಾಧಿಕಾರಿ ಇರುತ್ತಾರೆ. ಅಮೆರಿಕನ್ ಲೀಜನ್, ಡಿಎವಿ, ವಿಎಫ್‌ಡಬ್ಲ್ಯು ಎಂಬ ಮಾಜಿ ಸೈನಿಕರ ಸಂಘಗಳಿವೆ. ಇವರೆಲ್ಲ ಬಿಟ್ಟಿಯಾಗಿ ಮಾಡಿಕೊಡುತ್ತಾರೆ. ತಿದ್ದುಪಡಿ ಮಂಡಳಿಯ ಹಂತಕ್ಕೆ ಬಂದಾಗ ಲಾ ಕಾಲೇಜುಗಳ ಉಚಿತ ಕ್ಲಿನಿಕ್ ನೋಡೋಣ. ಅಲ್ಲಿನ ವಿದ್ಯಾರ್ಥಿಗಳು ಶ್ರದ್ಧೆಯಿಂದ ಬರೆಯುತ್ತಾರೆ, ಕೆಲವೊಮ್ಮೆ ದುಬಾರಿ ವಕೀಲರಿಗಿಂತ ಚೆನ್ನಾಗಿ.

ನಿನ್ನ ಅತ್ತೆ ನುಗ್ಗೆಸೊಪ್ಪು ತಿನ್ನು, ವಿಟಮಿನ್ ಡಿ ತೋರಿಸಿಕೋ ಎಂದು ಹೇಳಲು ಹೇಳಿದ್ದಾಳೆ. ಎರಡನೆಯದನ್ನು ನಾನೂ ಹೇಳುತ್ತೇನೆ.

ಈ ವಾರ ಮಾಡಬೇಕಾದದ್ದು ಎರಡೇ: ಇಂಟೆಂಟ್ ಟು ಫೈಲ್ ಹಾಕುವುದು, ಕಡತಕ್ಕೆ ಬರೆಯುವುದು. ಮಿಕ್ಕದ್ದು ಆಮೇಲೆ. ಚೀಟಿ ಹಾಕಿದ ದಿನಾಂಕವನ್ನು ನನಗೆ ಬರೆದು ತಿಳಿಸು. ನಿಮ್ಮಜ್ಜಿ ಪ್ರತಿ ಭಾನುವಾರ ನಿನ್ನನ್ನು ಕೇಳುತ್ತಾಳೆ, ಅವಳಿಗೂ ಒಂದು ಫೋನ್ ಮಾಡು.

ಇತಿ ನಿನ್ನ ಪ್ರೀತಿಯ
ಮಾವ